ರಸ್ತೆ ಅಗೆಯುವ ಮುನ್ನ ಒಂದು ಅರ್ಜಿ

1885ರ ಟೆಲಿಗ್ರಾಫ್ ಕಾಯ್ದೆಯ 10ನೇ ಕಲಂ ಪರರ ನೆಲದ ಮೇಲೆ, ಅಡಿಯಲ್ಲಿ, ಅಡ್ಡಲಾಗಿ ತಂತಿ ಎಳೆಯುವ ಅಧಿಕಾರ ಕೊಟ್ಟಿತ್ತು. ಸಿಕ್ಕಿದ್ದು ಬಳಕೆಯ ಹಕ್ಕು ಮಾತ್ರ, ಒಡೆತನವಲ್ಲ. ಸ್ಥಳೀಯ ಸಂಸ್ಥೆಯ ಜಾಗವಾದರೆ ಅದರ ಅನುಮತಿ ಬೇಕೆಂಬ ಷರತ್ತೂ ಅಲ್ಲೇ ಇತ್ತು. ಆ ಅನುಮತಿಗೆ ಏನೇನು ಸಲ್ಲಿಸಬೇಕು, ಎಷ್ಟು ದಿನದಲ್ಲಿ ಉತ್ತರ ಬರಬೇಕು ಎಂಬುದನ್ನು ಇಡೀ ದೇಶಕ್ಕೆ ಅನ್ವಯವಾಗುವಂತೆ ಬಿಡಿಸಿ ಹೇಳಿದ್ದು 2016ರ ರೈಟ್ ಆಫ್ ವೇ (ದಾರಿಹಕ್ಕು) ನಿಯಮಗಳು.

ಅರ್ಜಿಯ ಭಾಗವನ್ನು ಓದಿದರೆ, ಬರೆದವರಿಗೆ ಬೀದಿಯ ಪರಿಚಯವಿತ್ತು ಅನ್ನಿಸುತ್ತದೆ. ಲೈಸೆನ್ಸ್ ಪ್ರತಿ, ಕೇಬಲ್ ವಿವರಗಳ ಜೊತೆಗೆ ಕೆಲಸ ಯಾವ ವಿಧಾನದಲ್ಲಿ, ಎಷ್ಟು ದಿನ, ದಿನದ ಯಾವ ಹೊತ್ತಿನಲ್ಲಿ ನಡೆಯುತ್ತದೆ, ಜನರಿಗಾಗುವ ತೊಂದರೆಯನ್ನು ತಗ್ಗಿಸುವುದು ಹೇಗೆ ಎಂದೂ ಕೇಳಲಾಗಿತ್ತು. ಶಾಲೆ ಬಿಡುವ ಹೊತ್ತಿಗೆ ಗೇಟಿನೆದುರು ಕಾಲುವೆ ತೋಡಬೇಡಿ ಎಂದು ಪಾಲಿಕೆಯ ಎಂಜಿನಿಯರ್ ತಾಕೀತು ಮಾಡಲು ಇಷ್ಟು ಆಧಾರ ಸಾಕಿತ್ತು. ನೆಲದಡಿಯ ಕೇಬಲ್‌ಗೆ ಆಡಳಿತ ಶುಲ್ಕ ಕಿ.ಮೀ.ಗೆ 1,000 ರೂಪಾಯಿ ಮೀರಬಾರದು, ನಿರಾಕರಿಸಿದರೆ ಕಾರಣ ಬರೆದು ಕೊಡಬೇಕು ಎಂಬ ಕಟ್ಟುಪಾಡುಗಳೂ ಸರಿಯಾಗಿಯೇ ಇದ್ದವು.

ಎಡವಿದ್ದು ಗಡುವಿನ ವಿಷಯದಲ್ಲಿ. 60 ದಿನದೊಳಗೆ ತೀರ್ಮಾನ ಆಗದಿದ್ದರೆ ಅನುಮತಿ ಸಿಕ್ಕಂತೆಯೇ ಲೆಕ್ಕವಾಗುತ್ತಿತ್ತು. ಕಡತ ಕೊಳೆಹಾಕುವ ಚಾಳಿಗೆ ಇದು ಮದ್ದು, ಒಪ್ಪೋಣ. ಆದರೆ ಅಧಿಕಾರಿ ಸುಮ್ಮನಿದ್ದುದಕ್ಕೆ ದಂಡ ತೆರಬೇಕಾಗಿದ್ದವರು ಬೀದಿಯ ಜನ. ಅರ್ಜಿಯಲ್ಲಿ ಬರೆದ ಸುರಕ್ಷತಾ ಕ್ರಮಗಳು ಸಾಕೇ ಎಂದು ಯಾರೂ ನೋಡದೆಯೇ ಗುದ್ದಲಿ ಬೀಳಬಹುದಿತ್ತು. ಗಡುವು ಮೀರಿದಾತನನ್ನೇ ಹೊಣೆ ಮಾಡುವ ದಾರಿ ಹುಡುಕಬೇಕಿತ್ತು.

ಅಗೆಯದೆಯೇ ಕೇಬಲ್ ಎಳೆಯುವ ದಾರಿಯೂ ಇದೆ. ಬೆಂಗಳೂರಿನ ಟೆಂಡರ್‌ಶ್ಯೂರ್ ಯೋಜನೆಯ ರಸ್ತೆಗಳನ್ನು ನೋಡಿ. ರೆಸಿಡೆನ್ಸಿ ರಸ್ತೆಯಂಥ ಕಡೆ ಪಾದಚಾರಿ ಮಾರ್ಗದಡಿ ಕೇಬಲ್‌ಗೆಂದೇ ಡಕ್ಟ್‌ಗಳಿವೆ. ಚೇಂಬರಿನ ಮುಚ್ಚಳ ತೆರೆದು ಕೇಬಲ್ ತೂರಿಸಬಹುದು, ಡಾಂಬರು ಮುಟ್ಟಬೇಕಿಲ್ಲ. ಇಂಥ ಡಕ್ಟ್ ಎಲ್ಲಿದೆ, ನೀರಿನ ಪೈಪು ಎಷ್ಟು ಆಳದಲ್ಲಿದೆ ಎಂಬ ನಕ್ಷೆ ಅರ್ಜಿ ಹಾಕುವಾಗಲೇ ಕೈಯಲ್ಲಿದ್ದರೆ ಅರ್ಧ ತಂಟೆ ಅಲ್ಲೇ ಮುಗಿಯುತ್ತದೆ. 2022ರಲ್ಲಿ ಬಂದ ಗತಿಶಕ್ತಿ ಸಂಚಾರ್ ಪೋರ್ಟಲ್ ಅರ್ಜಿಗಳನ್ನು ಒಂದೆಡೆ ತಂದಿತು. 2023ರ ಮಾರ್ಚ್‌ನಲ್ಲಿ ಬಂದ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್, ಅಗೆಯುವವರನ್ನೂ ನೆಲದಡಿ ಕೇಬಲ್, ಪೈಪು ಹಾಕಿದವರನ್ನೂ ಸಂಪರ್ಕಕ್ಕೆ ತರುತ್ತದೆ. ಎರಡೂ ಬೇಕಾದವೇ. ಆದರೆ ಪೈಪು ಹಾಕಿದ ಸಂಸ್ಥೆಯ ಬಳಿಯೇ ಸರಿಯಾದ ನಕ್ಷೆ ಇಲ್ಲದಿದ್ದರೆ ಆ್ಯಪ್ ಏನು ಮಾಡೀತು?

2016ರ ನಿಯಮಗಳ ಜಾಗದಲ್ಲಿ, 2023ರ ದೂರಸಂಪರ್ಕ ಕಾಯ್ದೆಯಡಿ ರೂಪಿಸಿದ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಅವುಗಳ ಬೆಲೆ ತಿಳಿಯುವುದು ಕೆಲಸ ಮುಗಿದ ದಿನ. ಅರ್ಜಿದಾರರು ಕೊಟ್ಟ ಬ್ಯಾಂಕ್ ಗ್ಯಾರಂಟಿ ಹಿಂದಿರುಗಿಸುವ ಮುನ್ನ ಹಾಕಿದ ಕೇಬಲ್‌ನ ಆಳ, ತಿರುವುಗಳ ನಕ್ಷೆಯನ್ನು ಎಂಜಿನಿಯರ್ ಸ್ಥಳದಲ್ಲೇ ನಿಂತು ಅರ್ಜಿಯ ನಕ್ಷೆಗೆ ತಾಳೆ ನೋಡಬೇಕು, ವಾರ್ಡಿನ ಜನರಿಗೂ ಅದು ಸಿಗಬೇಕು.