ಒಂದು ತಿಂಗಳ ಸಾಕ್ಷ್ಯ

ಬಡ್ಡಿದರ ಏರಿದ್ದು ಕೇಂದ್ರ ಬ್ಯಾಂಕ್ ಹೊಸದಾಗಿ ಬಿಗಿ ಹಿಡಿದದ್ದರಿಂದಲೋ, ಬೆಲೆಯೇರಿಕೆಗೆ ಎಂದಿನಂತೆ ಸ್ಪಂದಿಸಿದ್ದರಿಂದಲೋ? ಬರೀ ಅಂಕಿಗಳು ಹೇಳಲಾರವು. ಅದೇ ದತ್ತಾಂಶಕ್ಕೆ ಹೊಂದುವ ಮಾದರಿಗಳು ಅಸಂಖ್ಯ. 1989ರಲ್ಲಿ ಅರ್ಥಶಾಸ್ತ್ರಜ್ಞರಾದ ಕ್ರಿಸ್ಟಿನಾ ಮತ್ತು ಡೇವಿಡ್ ರೋಮರ್ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ (ಫೆಡ್) ಸಭೆಗಳ ದಾಖಲೆಗಳಲ್ಲೇ ಉತ್ತರ ಹುಡುಕಿದ್ದರು. 2018ರಲ್ಲಿ ಆಂಟೊಲಿನ್-ಡಿಯಾಸ್ ಮತ್ತು ರುಬಿಯೊ-ರಮಿರೆಸ್ ಎಂಬ ಅರ್ಥಶಾಸ್ತ್ರಜ್ಞರು ಹಿಡಿದ ದಾರಿಯಂತೂ ನನಗೆ ಬಲು ಇಷ್ಟ.

ಅವರು ನೆಚ್ಚಿದ್ದು ಒಂದು ಘಟನೆಯನ್ನು. 1979ರ ಅಕ್ಟೋಬರ್ 6, ಶನಿವಾರ ಸಂಜೆ. ಫೆಡ್ ಅಧ್ಯಕ್ಷ ಪಾಲ್ ವೋಲ್ಕರ್ ಪತ್ರಕರ್ತರನ್ನು ಕರೆದು, ಹಣದುಬ್ಬರ ತಗ್ಗಿಸಲು ಹಣದ ಪೂರೈಕೆಗೇ ಕಡಿವಾಣ ಎಂದು ಸಾರಿದರು. ಆ ತಿಂಗಳ ನೀತಿಯ ಆಘಾತ, ಅಂದರೆ ಎಂದಿನ ಸ್ಪಂದನೆಯನ್ನು ಮೀರಿದ ನಡೆ, ಬಿಗಿಯ ಕಡೆಗಿತ್ತು; ಬಡ್ಡಿದರದ ಅನಿರೀಕ್ಷಿತ ಏರಿಕೆಗೆ ಅದೇ ಮುಖ್ಯ ಕಾರಣ. ಈ ಎರಡು ಮಾತುಗಳಿಗೆ ಹೊಂದದ ಮಾದರಿಗಳನ್ನೆಲ್ಲ ಆಂಟೊಲಿನ್-ಡಿಯಾಸ್ ಮತ್ತು ರುಬಿಯೊ-ರಮಿರೆಸ್ ಕೈಬಿಟ್ಟರು. ಎಷ್ಟು ಚೊಕ್ಕ ಕೆಲಸ! ದಶಕಗಳ ದತ್ತಾಂಶದಲ್ಲಿ ಮಸುಕಾಗಿದ್ದದ್ದು ಒಂದೇ ತಿಂಗಳ ಸಾಕ್ಷ್ಯದಿಂದ ನಿಚ್ಚಳವಾಯಿತು: ಬಿಗಿ ನೀತಿ ಉತ್ಪಾದನೆಯನ್ನು ಕುಗ್ಗಿಸುತ್ತದೆ.