ವಯಸ್ಸಿಗೊಂದು ಪ್ಯಾಕೇಜು: ಅತಿಯಾದ ಹೊಗಳಿಕೆ

ಮೂವತ್ತು ದಾಟಿದವರಿಗೆ ಒಂದು, ನಲವತ್ತರ ಹೆಂಗಸರಿಗೆ ಇನ್ನೊಂದು, ಅರವತ್ತಾದವರಿಗೆ ಮತ್ತೊಂದು. ನಮ್ಮ ನಗರಗಳ ಮಧ್ಯಮವರ್ಗದಲ್ಲಿ ಮಾಸ್ಟರ್ ಹೆಲ್ತ್ ಚೆಕಪ್ ಮಾಡಿಸುವವರು ಜವಾಬ್ದಾರಿಯುಳ್ಳವರು, ಮಾಡಿಸದವರು ಉಡಾಫೆಯವರು ಎಂಬಂತಾಗಿದೆ. ಈ ಮರ್ಯಾದೆಗೆ ಅದು ತಕ್ಕುದಲ್ಲ. ತೊಂದರೆ ಕಾಣಿಸಿಕೊಂಡವರ ತಪಾಸಣೆಯ ಬಗ್ಗೆ ನನ್ನ ತಕರಾರಿಲ್ಲ. ಆರಾಮವಾಗಿ ಓಡಾಡಿಕೊಂಡಿರುವವರನ್ನು ವಯಸ್ಸು ನೋಡಿ ಲ್ಯಾಬಿನ ಸಾಲಿನಲ್ಲಿ ನಿಲ್ಲಿಸುವ ಪದ್ಧತಿಯ ಬಗ್ಗೆ ಇದೆ.

ಆಸ್ಪತ್ರೆಗಳ ವ್ಯಾಪಾರಬುದ್ಧಿಯ ಕುರಿತು ಬೇಕಾದಷ್ಟು ಬರೆದಾಗಿದೆ. ಯಾರೂ ಸರಿಯಾಗಿ ಓದದಿರುವುದು ವರದಿಯ ಹಾಳೆಯನ್ನು. ಪ್ರತಿ ಸಾಲಿನ ಪಕ್ಕದಲ್ಲಿ ಒಂದು ನಾರ್ಮಲ್ ರೇಂಜ್ ಇರುತ್ತದೆ. ಅದನ್ನು ಮೀರಿದ ಅಂಕಿ ದಪ್ಪಕ್ಷರದಲ್ಲಿ ಬರುತ್ತದೆ. ಸಕ್ಕರೆ, ಕೊಲೆಸ್ಟರಾಲ್‌ನಂಥ ಕೆಲವನ್ನು ಬಿಟ್ಟರೆ ಬಹುಪಾಲು ಪರೀಕ್ಷೆಗಳಲ್ಲಿ ಆ ಮಿತಿ ಹುಟ್ಟುವುದು ಹೀಗೆ: ಆರೋಗ್ಯವಂತರ ಒಂದು ಗುಂಪಿನ ರಕ್ತ ಪರೀಕ್ಷಿಸಿ, ನಡುವಿನ ಶೇ 95 ಮಂದಿಯ ಅಂಕಿಗಳನ್ನು ಒಳಗಿಟ್ಟು, ಎರಡು ತುದಿಗಳ ಶೇ 5ನ್ನು ಹೊರಗೆ ಬಿಡುತ್ತಾರೆ. ಹೊರಗುಳಿದವರೂ ಆರೋಗ್ಯವಂತರೇ! ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಯಾವ ಕಾಯಿಲೆಯೂ ಇಲ್ಲದವರಿಗೆ ಒಂದಾದರೂ ಅಬ್‌ನಾರ್ಮಲ್ ಬರುವ ಸಾಧ್ಯತೆ ಶೇ 64. ಅರವತ್ತು ಮಾಡಿಸಿದರೆ ಶೇ 95. ನಿಜದಲ್ಲಿ ಹಲವು ಪರೀಕ್ಷೆಗಳು ಒಂದರೊಡನೊಂದು ಹೆಣೆದುಕೊಂಡಿರುವುದರಿಂದ ಈ ಲೆಕ್ಕ ತುಸು ಇಳಿದೀತು. ಆದರೂ ಪ್ಯಾಕೇಜು ಹಿಗ್ಗಿದಷ್ಟೂ ಆರೋಗ್ಯವಂತರ ಸಂಖ್ಯೆ ಕುಗ್ಗುತ್ತದೆ ಎಂಬುದು ಸುಳ್ಳಾಗದು. ದಪ್ಪಕ್ಷರ ಕಂಡ ಮೇಲೆ ಸ್ಕ್ಯಾನಿಂಗ್, ಸ್ಕ್ಯಾನಿಂಗ್‌ನಲ್ಲಿ ಏನೋ ಚುಕ್ಕೆ, ಆಮೇಲೆ ಬಯಾಪ್ಸಿ, ನಡುವೆ ನಿದ್ದೆಯಿಲ್ಲದ ವಾರಗಳು.

ಹೆಂಗಸರ ಪ್ಯಾಕೇಜುಗಳಲ್ಲಿ ಎಷ್ಟೋ ಕಡೆ ಸೇರಿಕೊಂಡಿರುವ ಸಿಎ-125 ಪರೀಕ್ಷೆಯನ್ನೇ ನೋಡಿ. ಅಂಡಾಶಯದ ಕ್ಯಾನ್ಸರ್ ಹಿಡಿಯುತ್ತದೆಂಬ ಭರವಸೆಯಲ್ಲಿ ಮಾಡುತ್ತಾರೆ. ಗರ್ಭಕೋಶದ ಫೈಬ್ರಾಯ್ಡ್ ಇದ್ದರೂ, ಮುಟ್ಟಿನ ದಿನವಾದರೂ ಅದು ಏರಬಹುದು. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಪ್ರಯೋಗದ ಫಲ 2021ರಲ್ಲಿ ಪ್ರಕಟವಾಯಿತು: ಆ ಕ್ಯಾನ್ಸರಿನ ಸಾವು ತಗ್ಗಲಿಲ್ಲ. ದಕ್ಷಿಣ ಕೊರಿಯಾದಲ್ಲಿ ಕತ್ತಿನ ಅಲ್ಟ್ರಾಸೌಂಡ್ ಚೆಕಪ್ಪಿನ ಭಾಗವಾದ ಮೇಲೆ, 1993ರಿಂದ 2011ರೊಳಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 15 ಪಟ್ಟಾಯಿತು. ಅದರಿಂದಾಗುವ ಸಾವು ಇದ್ದಷ್ಟೇ ಇತ್ತು. ಥೈರಾಯ್ಡ್ ತೆಗೆಸಿಕೊಂಡವರು ಬದುಕಿಡೀ ಮಾತ್ರೆ ನುಂಗುತ್ತಿದ್ದಾರೆ.

ಪ್ಯಾಕೇಜಿನಿಂದಲೇ ಬಿಪಿ, ಸಕ್ಕರೆ ಗೊತ್ತಾಗಿ ಬಚಾವಾದವರಿದ್ದಾರೆ, ಒಪ್ಪುತ್ತೇನೆ. ಆದರೆ ಎರಡೂವರೆ ಲಕ್ಷ ಜನರನ್ನೊಳಗೊಂಡ 15 ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2019ರ ಕೊಕ್ರೇನ್ ವಿಮರ್ಶೆ, ಇಂಥ ಸಾಮಾನ್ಯ ಚೆಕಪ್ಪಿನಿಂದ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದಿತು. ಅದೆಲ್ಲ ಪರದೇಶದ ಲೆಕ್ಕ, ನಮ್ಮವರಿಗೆ ಸಕ್ಕರೆ ಕಾಯಿಲೆ ಬೇಗ ಬರುತ್ತದೆ ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಅದು ಸಮರ್ಥಿಸುವುದು ಬಿಪಿ ಪಟ್ಟಿಯನ್ನು, ಬೆರಳಿನ ಒಂದು ಹನಿ ರಕ್ತವನ್ನು. ಅರವತ್ತು ಸಾಲಿನ ವರದಿಯನ್ನಲ್ಲ.

ಪ್ಯಾಕೇಜಿನವರಿಗಿಂತ ನನಗೆ ಹೆಚ್ಚು ಸಿಟ್ಟು ತರಿಸುವವರು, ನಮ್ಮಜ್ಜ ಯಾವ ಟೆಸ್ಟೂ ಇಲ್ಲದೆ ನೂರು ವರ್ಷ ಬಾಳಿದ ಎಂದು ಅಂಕಣ ಬರೆಯುವವರು. ಸ್ವಾತಂತ್ರ್ಯ ಬಂದಾಗ ಈ ದೇಶದ ಸರಾಸರಿ ಆಯಸ್ಸು ಸುಮಾರು 32. ಈಗ 70ರ ಆಸುಪಾಸು. ಬಾಣಂತನದಲ್ಲಿ ಹೋದ ಅಜ್ಜಿಯರ, ಮೂವತ್ತಕ್ಕೆ ಕ್ಷಯದಿಂದ ಸತ್ತ ಅಜ್ಜಂದಿರ ಕಥೆ ಯಾವ ಅಂಕಣಕ್ಕೂ ಬರುವುದಿಲ್ಲ. ಎಲ್ಲ ತಪಾಸಣೆಯೂ ಮೋಸ ಎನ್ನುವ ಈ ಬರಹಗಳು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಕೆಲಸವನ್ನೂ ಒರೆಸಿಹಾಕುತ್ತವೆ. ಅಲ್ಲಿನ ಕೊಳೆಗೇರಿಗಳಲ್ಲಿ, ವೈದ್ಯರಲ್ಲದ ಕಾರ್ಯಕರ್ತೆಯರು ವಿನೆಗರ್ ಹಚ್ಚಿ ಗರ್ಭಕೊರಳನ್ನು ನೋಡಿದ್ದರಿಂದ ಆ ಭಾಗದ ಕ್ಯಾನ್ಸರಿನ ಸಾವು ಶೇ 31ರಷ್ಟು ಇಳಿಯಿತು. ಸುಮಾರು ಒಂದೂವರೆ ಲಕ್ಷ ಮಹಿಳೆಯರಿದ್ದ ಅಧ್ಯಯನವದು. ಯಾವ ಪರೀಕ್ಷೆ, ಯಾರಿಗೆ, ಎಷ್ಟು ವರ್ಷಕ್ಕೊಮ್ಮೆ ಎಂಬ ಪ್ರಶ್ನೆಯನ್ನು ಪ್ಯಾಕೇಜಿನವರೂ ಕೇಳುವುದಿಲ್ಲ, ಅಜ್ಜನ ಭಕ್ತರೂ ಕೇಳುವುದಿಲ್ಲ.

ಅರವತ್ತರ ನಂತರದ ಪ್ಯಾಕೇಜಂತೂ ವಯಸ್ಸನ್ನೇ ಅರಿತಿಲ್ಲ. ಆ ವಯಸ್ಸಿನವರನ್ನು ಹಾಸಿಗೆಗೆ ಕೆಡಹುವುದು ಎಷ್ಟೋ ಸಲ ಬಚ್ಚಲಲ್ಲಿ ಜಾರಿ ಮುರಿದ ಸೊಂಟದ ಮೂಳೆ. ವಿಟಮಿನ್ನುಗಳನ್ನು ಅಳೆಯುವ ಕಡೆ, ಅವರು ಕುರ್ಚಿಯಿಂದ ಕೈಯೂರದೆ ಏಳಬಲ್ಲರೇ ಎಂದು ನೋಡುವವರು ಅಪರೂಪ.

ಮೂವತ್ತು ದಾಟಿದವರ ಬಿಪಿ, ಸಕ್ಕರೆ, ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳ ಕಾರ್ಯಕ್ರಮದಲ್ಲಿ ಉಚಿತವಾಗಿಯೇ ಇದೆ. ಮೊದಲು ಅಲ್ಲಿಗೆ ಹೋಗಿ. ಅಲ್ಲಿ ಆಗದಿದ್ದರೆ ಯಾಕಿಲ್ಲ ಎಂದು ಜಗಳ ತೆಗೆಯಿರಿ.