ತಲೆಬರಹದ ಹಣೆಬರಹ

ನಮ್ಮತ್ತೆಗೆ ಸಕ್ಕರೆ ಕಾಯಿಲೆ ಶುರುವಾಗಿ 15 ವರ್ಷ. ಕಳೆದ ಯುಗಾದಿಯ ಮರುದಿನ ಅವರ ಮಾತ್ರೆಯ ಡಬ್ಬಿ ತೆರೆದರೆ, ಒಂದು ವಾರದ ಮಾತ್ರೆಗಳು ಹಾಗೇ ಉಳಿದಿದ್ದವು. ಕೇಳಿದ್ದಕ್ಕೆ, "ಮೊಬೈಲಿನಲ್ಲೇ ಬಂದಿದೆ ಕಣೇ, ಹಾಗಲಕಾಯಿ ರಸ ಕುಡಿದರೆ ಮಾತ್ರೆ ಬಿಡಬಹುದಂತೆ" ಎಂದು ಮುಂದೆ ಹಿಡಿದರು. ಹಾಗೇ ಇತ್ತು: "ಸಕ್ಕರೆ ಕಾಯಿಲೆಯವರು ಹಾಗಲಕಾಯಿ ರಸ ಕುಡಿದರೆ ಮಾತ್ರೆ ಬಿಡಬಹುದು..." ಅಲ್ಲಿಂದ ಮುಂದೆ ಮೂರು ಚುಕ್ಕಿ. ಒತ್ತಿದ ಮೇಲೆ ಸಾಲು ಪೂರ್ತಿಯಾಯಿತು: "...ಎಂಬುದು ತಪ್ಪು ಕಲ್ಪನೆ."

ಅಂದು ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ 300 ದಾಟಿತ್ತು.

ಬರೆದವರು ಸುಳ್ಳು ಹೇಳಿರಲಿಲ್ಲ. ಲೇಖನವೂ ಒಳ್ಳೆಯದೇ. ಆದರೆ ಅತ್ತೆಗೆ ತಲುಪಿದ್ದು ಲೇಖನವಲ್ಲ, ತಲೆಬರಹ, ಅದೂ ಅರ್ಧ.

ನಮ್ಮ ನುಡಿಯ ಜಾಯಮಾನವೇ ಹಾಗೆ. ಕ್ರಿಯಾಪದ ಬರುವುದು ಕೊನೆಗೆ. ಇಲ್ಲ, ಅಲ್ಲ, ಬೇಡ, ಕೂಡದು ಎಲ್ಲವೂ ವಾಕ್ಯದ ಬಾಲದಲ್ಲಿ. ಎದುರು ಕೂತು ಮಾತಾಡುವಾಗ ಇದರಿಂದ ತೊಂದರೆಯಿಲ್ಲ, ಕೇಳುವವರು ಕೊನೆಯವರೆಗೆ ಕಾಯುತ್ತಾರೆ. ಅಂಗೈಯಗಲದ ಪರದೆ ಕಾಯುವುದಿಲ್ಲ; ಜಾಗ ಮುಗಿದಲ್ಲಿ ಕತ್ತರಿಸುತ್ತದೆ. ಇಂಗ್ಲಿಷಿನಲ್ಲಿ 'ಡೋಂಟ್' ಮೊದಲೇ ಬರುವುದರಿಂದ ಬಾಲ ಹೋದರೂ ಜೀವ ಉಳಿದೀತು. ಕನ್ನಡಕ್ಕೆ ಬಾಲದಲ್ಲೇ ಜೀವ. "ಮಾತ್ರೆ ಬಿಡಬೇಡಿ: ಹಾಗಲರಸ ಔಷಧಿಗೆ ಬದಲಲ್ಲ" ಎಂದಿದ್ದರೆ, ಎಲ್ಲಿ ಕತ್ತರಿಸಿದರೂ ಮೊದಲ ಎರಡು ಪದ ಅತ್ತೆಯನ್ನು ಕಾಯುತ್ತಿದ್ದವು.

ಇದು ಕೈತಪ್ಪಿನಿಂದ ಆದದ್ದು. ಬೇಕೆಂದೇ ಮಾಡುವುದು ಇನ್ನೊಂದಿದೆ. "ಈ ಎಲೆಯ ಗುಟ್ಟು ತಿಳಿದರೆ ಬೆಚ್ಚಿಬೀಳುತ್ತೀರಿ!" ಯಾವ ಎಲೆ? ಹೇಳುವುದಿಲ್ಲ. ಸೆರಗಿನಲ್ಲಿ ಏನೋ ಮುಚ್ಚಿಟ್ಟುಕೊಂಡು "ಏನಿದೆ ಹೇಳು" ಎಂದು ಮಕ್ಕಳನ್ನು ಆಡಿಸುತ್ತೇವಲ್ಲ, ಹಾಗೆ. ಒಲೆಯ ಮೇಲಿನ ಹಾಲು ಬಿಟ್ಟು ಓದಿದರೆ ಕೊನೆಗೆ ಸಿಗುವುದು ಒಗ್ಗರಣೆಗೆ ದಿನವೂ ಹಾಕುವ ಕರಿಬೇವು. ಹೆಂಗಸರ ಸಮಯಕ್ಕೆ ಬೆಲೆಯಿಲ್ಲ ಎಂದುಕೊಂಡವರು ಮಾತ್ರ ಹೀಗೆ ಬರೆದಾರು.

ಹೆಸರಿನಲ್ಲಿ ಗುಟ್ಟು ಇರಲೇಬಾರದೇ ಎಂದರೆ, ಇರಲಿ. ಕಾದಂಬರಿಗೆ ಅದು ಒಪ್ಪುತ್ತದೆ. ತ್ರಿವೇಣಿಯವರ 'ಶರಪಂಜರ' ಎಂಬ ಹೆಸರು ಕಥೆಯನ್ನು ಬಿಟ್ಟುಕೊಡುವುದಿಲ್ಲ. ಮನೋರೋಗದಿಂದ ಗುಣವಾಗಿ ಮನೆಗೆ ಮರಳಿದ ಕಾವೇರಿಯನ್ನು ಜನರ ನೋಟ, ಮಾತು, ಸಂಶಯಗಳು ಸುತ್ತುವರಿದಾಗ ಆ ಬಾಣಗಳು ಯಾವುವೆಂದು ನಮಗೇ ಹೊಳೆಯುತ್ತದೆ. ಅಲ್ಲಿ ಬಚ್ಚಿಟ್ಟದ್ದು ಓದಿದಷ್ಟೂ ಬೆಳೆಯುತ್ತದೆ. ಎಲೆಯ ಗುಟ್ಟು ಓದಿದೊಡನೆ ಸಾಯುತ್ತದೆ. ಮೇಲಾಗಿ ಪುಸ್ತಕಕ್ಕೆ ರಕ್ಷಾಪುಟವಿದೆ, ಲೇಖಕಿಯ ಹೆಸರಿದೆ. ಪರದೆಯ ತಲೆಬರಹಕ್ಕೆ ಹಿಂದೆ ಮುಂದೆ ಯಾರೂ ಇಲ್ಲ. ಬೇರೆ ಹತ್ತು ಸಾಲುಗಳ ನಡುವೆ ಒಂಟಿಯಾಗಿ ನಿಂತು ತನ್ನ ಮಾತನ್ನು ತಾನೇ ಹೇಳಬೇಕು.

ಎಂ.ಕೆ. ಇಂದಿರಾ 1976ರಲ್ಲಿ ಬಾಲವಿಧವೆಯೊಬ್ಬಳ ಬದುಕನ್ನು ಕಾದಂಬರಿಯಾಗಿಸಿದಾಗ, ಕಣ್ಣೀರು, ಕತ್ತಲೆ ಎಂದೆಲ್ಲ ಕರುಣೆ ಉಕ್ಕಿಸುವ ಹೆಸರು ಇಡಬಹುದಿತ್ತು. ಅವರು ಇಟ್ಟದ್ದು 'ಫಣಿಯಮ್ಮ'. ಅಷ್ಟೇ. ಕರುಣೆಗಿಂತ ಮೊದಲು ಆಕೆಗೆ ಸಿಕ್ಕಿದ್ದು ಸ್ವಂತ ಹೆಸರು. ಗಂಡನ ಹೊಡೆತ ತಾಳಲಾರದೆ ತವರಿಗೆ ಹೊರಟವಳನ್ನು "ಮನೆ ಬಿಟ್ಟು ಪರಾರಿಯಾದ ಪತ್ನಿ" ಎಂದು ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟು ಮುಗಿಸುವವರು ಈ ಸಂಯಮವನ್ನು ಒಮ್ಮೆ ನೋಡಬೇಕು. ಒಳಗಿನ ವಿವರ ಓದುವವರು ಕೆಲವರು. ಆ ಸಾಲು ಓದುವವರು ಊರೆಲ್ಲ.

ತಲೆಬರಹವೆಂದರೆ ಕೊಟ್ಟ ಮಾತು. ಒಳಗೆ ಇರುವುದನ್ನೇ ಹೇಳಬೇಕು, ಮುಖ್ಯವಾದದ್ದನ್ನು ಮೊದಲು ಹೇಳಬೇಕು. ಪುಸ್ತಕದ ಪುಟವೆಂಬ ಸಲುಗೆಯಿಂದ ನಾನು ಈ ಬರಹಕ್ಕೆ ಪ್ರಾಸದ ಹೆಸರಿಟ್ಟೆ. ಮೊಬೈಲಿಗಾದರೆ "ಮಾತ್ರೆ ಬಿಡಬೇಡಿ" ಎಂದೇ ಶುರುಮಾಡುತ್ತಿದ್ದೆ. ಅತ್ತೆ ಈಗಲೂ ತಲೆಬರಹವನ್ನಷ್ಟೇ ಓದುತ್ತಾರೆ.